ಪತ್ರ ಬರೆಯೋದು ಕಲಿಸುವ ಮುಂಚೆ ಓದೋದು ಕಲಿಸಿ: ಅರ್ಜಿ, ಪತ್ರ, ಇಮೇಲ್ ಕಲಿಸುವ ಮೇಷ್ಟ್ರಿಗೊಂದು ಸಮಗ್ರ ಮಾರ್ಗದರ್ಶಿ

"ಪಿಎಫ್‌ಎ ರೆಸ್ಯೂಮ್ ಸರ್."

ಇಷ್ಟೇ ಇಮೇಲ್. ಪಿಎಫ್‌ಎ ಅಂದರೆ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’, ಜೊತೆಗಿಟ್ಟಿದ್ದೇನೆ ನೋಡಿ ಅಂತ. ಸಬ್ಜೆಕ್ಟ್ ಜಾಗ ಖಾಲಿ. ಜೊತೆಗಿದ್ದ ಫೈಲಿನ ಹೆಸರು ‘ರೆಸ್ಯೂಮ್ ನ್ಯೂ ಫೈನಲ್ 2’. ಕಳಿಸಿದವನು ನಮ್ಮ ಕೊನೆ ವರ್ಷದ ಬಿ.ಕಾಂ. ಹುಡುಗ. ಜಗಳೂರು ಕಡೆಯವನು, ಲೆಕ್ಕದಲ್ಲಿ ಚುರುಕು. ಬೆಂಗಳೂರಿನ ಒಂದು ಆಡಿಟ್ ಆಫೀಸಿಗೆ ಇಂಟರ್ನ್‌ಶಿಪ್ ಕೇಳಿ ಕಳಿಸಿದ್ದ. ಹದಿನೈದು ದಿನ ಕಾದು ನನ್ನ ಹತ್ತಿರ ಬಂದ. "ಸರ್, ರಿಪ್ಲೈನೇ ಬಂದಿಲ್ಲ" ಅಂದ. ಮೊಬೈಲ್ ಇಸ್ಕೊಂಡು ನೋಡಿದೆ. ನಾನಾಗಿದ್ದರೂ ರಿಪ್ಲೈ ಮಾಡುತ್ತಿರಲಿಲ್ಲ.

ತಮಾಷೆ ಏನೆಂದರೆ ಇದೇ ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪತ್ರಲೇಖನ ಬರೆದು ಅಂಕ ತಗೊಂಡವನೇ. ‘ನಿಮ್ಮನ್ನು ಇಂಥ ಶಾಲೆಯ ವಿದ್ಯಾರ್ಥಿ ಎಂದು ಭಾವಿಸಿಕೊಂಡು’ ಅಂತ ಶುರುವಾಗುತ್ತದಲ್ಲ, ಆ ಪ್ರಶ್ನೆ. ಇಂದ, ಗೆ, ವಿಷಯ, ವಂದನೆ ಎಲ್ಲಾ ಬಾಯಿಪಾಠ. ಆದರೆ ಆ ಪತ್ರ ಯಾರಿಗೂ ಹೋಗುವುದಿಲ್ಲ. ಅದನ್ನು ಓದಿ ಯಾರೂ ಎದ್ದು ಹೋಗಿ ಫೈಲ್ ತೆಗೆಯುವುದಿಲ್ಲ. ಓದುವವರು ಮೌಲ್ಯಮಾಪಕರು, ಅವರು ನೋಡುವುದು ಚೌಕಟ್ಟು. ವರ್ಷಗಟ್ಟಲೆ ಹೀಗೆ ಬರೆದ ಮಕ್ಕಳಿಗೆ ಪತ್ರದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ ಅನ್ನೋದೇ ಮರೆತುಹೋಗಿರುತ್ತದೆ. ನನ್ನ ಪಾಠ ಪೂರ್ತಿ ಆ ಮನುಷ್ಯನನ್ನು ತೋರಿಸುವ ಕೆಲಸ.

ದಾವಣಗೆರೆಯಲ್ಲಿ ನಾನು ವಾರಕ್ಕೊಂದು ಪೀರಿಯಡ್‌ನಂತೆ ಏಳೆಂಟು ವಾರ ಇದನ್ನು ಮಾಡಿಸುತ್ತೇನೆ. ಪಿಯುಸಿ, ಐಟಿಐ, ಡಿಪ್ಲೊಮಾ ಮಕ್ಕಳಿಗೂ ನಡೆಯುತ್ತದೆ.

ಹಂತ 1: ಮಕ್ಕಳನ್ನು ಟಪಾಲು ವಿಭಾಗದಲ್ಲಿ ಕೂರಿಸಿ

ಮೊದಲ ವಾರ ಪಾಠವೇ ಬೇಡ. ಒಂದು ವಿಷಯ ಕೊಟ್ಟು ಎಲ್ಲರಿಂದ ಪತ್ರ ಬರೆಸಿ ಇಸ್ಕೊಳ್ಳಿ. ಪ್ರಿನ್ಸಿಪಾಲರಿಗೆ ಬೋನಫೈಡ್ ಸರ್ಟಿಫಿಕೇಟ್ ಕೇಳಿ ಅರ್ಜಿ ಆದರೂ ಸಾಕು. ಹೆಸರಿನ ಮೇಲೆ ಚೀಟಿ ಅಂಟಿಸಿ ಮುಚ್ಚಿಬಿಡಿ.

ಮುಂದಿನ ವಾರ ಮೇಜು ಎಳೆದು, ಇಬ್ಬರನ್ನು ಗುಮಾಸ್ತರ ಥರ ಕೂರಿಸಿ. ಮೂವತ್ತು ಅರ್ಜಿ, ಹತ್ತು ನಿಮಿಷ. ಮೂರು ಗುಂಪು ಮಾಡಬೇಕು. ಈಗಲೇ ಮಾಡಿಕೊಡಬಹುದಾದ್ದು ಒಂದು. ಏನೋ ಬಿಟ್ಟುಹೋಗಿದೆ, ಮತ್ತೆ ಕೇಳಬೇಕಾದ್ದು ಇನ್ನೊಂದು. ಏನು ಕೇಳುತ್ತಿದ್ದಾರೆ ಅಂತಲೇ ತಿಳಿಯದ್ದು ಮೂರನೆಯದು. ಉಳಿದವರು ಸುತ್ತ ನಿಂತು ನೋಡಲಿ.

ಐದು ನಿಮಿಷಕ್ಕೇ ಗುಮಾಸ್ತರಿಗೆ ಸಿಟ್ಟು ಬರುತ್ತದೆ. ಕಳೆದ ಸಲ ಒಬ್ಬಳು ಅರ್ಜಿ ಎತ್ತಿ ಹಿಡಿದು ಕೂಗಿದಳು: "ಯಾರಿದು, ರೋಲ್ ನಂಬರೇ ಬರೆದಿಲ್ಲ! ಯಾವ ಸೆಕ್ಷನ್ ಅಂತ ಹುಡುಕ್ಲಿ?" ಚೀಟಿ ಬಿಚ್ಚಿದರೆ ಅದು ಅವಳದ್ದೇ ಅರ್ಜಿ. ಇಡೀ ಕ್ಲಾಸು ನಕ್ಕಿತು. ನಾನು ಒಂದು ಗಂಟೆ ಮಾತಾಡಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಈ ಆಟ ಮುಗಿದ ಮೇಲೆ ಬೋರ್ಡಿನ ಮೇಲೆ ‘ಗುಮಾಸ್ತರಿಗೆ ಏನೇನು ಬೇಕಾಯಿತು’ ಅಂತ ಮಕ್ಕಳಿಂದಲೇ ಬರೆಸಿ. ರೋಲ್ ನಂಬರ್, ಯಾತಕ್ಕೆ ಬೇಕು, ಯಾವತ್ತಿನೊಳಗೆ ಬೇಕು, ಎಷ್ಟು ಪ್ರತಿ, ಫೋನ್ ನಂಬರ್. ವಿನಯದ ಮಾತು ಬೇಕಿತ್ತು ಅಂತ ಇದುವರೆಗೂ ಯಾವ ಗುಮಾಸ್ತರೂ ಬರೆಸಿಲ್ಲ.

ಹಂತ 2: ಬರೆಯುವ ಮುಂಚೆ ಬಾಯಲ್ಲಿ ಹೇಳಿಸಿ

ನಮ್ಮ ಮಕ್ಕಳಿಗೆ ವಿಷಯ ಹೇಳಲು ಬರುತ್ತದೆ. ಪೆನ್ನು ಹಿಡಿದ ಕೂಡಲೇ ಅದು ಮಾಯವಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಒಬ್ಬ ಹುಡುಗಿ ಅಪ್ಪನ ಪರವಾಗಿ ವಿದ್ಯುತ್ ಕಚೇರಿಗೆ ಪತ್ರ ಬರೆಯಬೇಕಿತ್ತು. ಅವಳು ಬರೆದು ತಂದ ಮೊದಲ ವಾಕ್ಯ ಹೀಗಿತ್ತು:

‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ, ನಮ್ಮ ಗ್ರಾಮವು ಕೃಷಿ ಪ್ರಧಾನವಾದ ಗ್ರಾಮವಾಗಿದ್ದು...’

ಪುಟದ ಅರ್ಧಕ್ಕೆ ಬಂದರೂ ಕಚೇರಿಯವರು ಮಾಡಬೇಕಾದ ಕೆಲಸ ಏನು ಅಂತ ಇಲ್ಲ. ಪತ್ರ ಕೆಳಗಿಟ್ಟು "ಏನಾಯ್ತವ್ವಾ, ಹೇಳು" ಅಂದೆ. "ಸರ್, ಸಿಡಿಲು ಹೊಡೆದು ಟಿಸಿ, ಅದೇ ಟ್ರಾನ್ಸ್‌ಫಾರ್ಮರ್, ಸುಟ್ಟೋಗಿದೆ. ಐದು ಮನೆಯವರ ಪಂಪ್‌ಸೆಟ್ ನಿಂತಿದೆ. ಅಡಿಕೆಗೆ ನೀರಿಲ್ಲ. ಬೇಗ ಬೇರೆ ಹಾಕ್ಸಿಕೊಡಬೇಕು" ಅಂದಳು. "ಇದೇ ಪತ್ರ. ಬರಿ" ಅಂದೆ. ಅವಳಿಗೆ ನಂಬಿಕೆಯೇ ಬರಲಿಲ್ಲ.

ಹಾಗಾಗಿ ಎರಡನೇ ಹಂತದ ನಿಯಮ ಇದು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರು ಕಿಟಕಿಯ ಆಚೆ, ಒಬ್ಬರು ಈಚೆ. ಅರ್ಧ ನಿಮಿಷದಲ್ಲಿ ಏನಾಯಿತು, ನೀವು ಏನು ಮಾಡಿಕೊಡಬೇಕು, ಯಾವಾಗ, ಇಷ್ಟನ್ನು ಹೇಳಬೇಕು. ಕೇಳಿದವರು ಅದನ್ನು ಬರೆದುಕೊಡಬೇಕು. ಆಡಿದ ಮಾತು ಕಾಗದದ ಮೇಲೆ ಬಂದರೆ ಅರ್ಧ ಪತ್ರ ಮುಗಿದ ಹಾಗೆ.

ಹಂತ 3: ಈಗ ಚೌಕಟ್ಟು

ಚೌಕಟ್ಟು ಮಕ್ಕಳಿಗೆ ಗೊತ್ತೇ ಇರುತ್ತದೆ. ಇದಕ್ಕೆ ಅರ್ಧ ಪೀರಿಯಡ್ ಸಾಕು. ಅದೇ ಹುಡುಗಿಯ ಪತ್ರ ಕೊನೆಗೆ ಹೀಗೆ ನಿಂತಿತು:

ಇಂದ:
(ತಂದೆಯ ಹೆಸರು, ಗ್ರಾಮ, ಅಂಚೆ, ಚನ್ನಗಿರಿ ತಾಲ್ಲೂಕು, ಫೋನ್ ನಂಬರ್)

ಗೆ:
ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರು
(ಕಚೇರಿಯ ವಿಳಾಸ)

ವಿಷಯ: ಸಿಡಿಲಿನಿಂದ ಸುಟ್ಟ ಟಿಸಿ ಬದಲಿಸಿಕೊಡುವ ಬಗ್ಗೆ, 5 ಪಂಪ್‌ಸೆಟ್ ನಿಂತಿವೆ.

ಮಾನ್ಯರೇ,

ಏಪ್ರಿಲ್ 12ರ ರಾತ್ರಿ ಸಿಡಿಲು ಬಡಿದು ನಮ್ಮ ತೋಟದ ಹತ್ತಿರದ ಟಿಸಿ ಸುಟ್ಟಿದೆ. ಅದನ್ನು ಬದಲಿಸಿಕೊಡಬೇಕೆಂದು ಕೋರುತ್ತೇನೆ. ಈ ಟಿಸಿಯಿಂದ 5 ಪಂಪ್‌ಸೆಟ್‌ಗೆ ಸಂಪರ್ಕವಿದೆ. ಅವುಗಳ ಆರ್.ಆರ್. ನಂಬರ್ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಅಡಿಕೆ ತೋಟಕ್ಕೆ ನೀರಿಲ್ಲದ ಕಾರಣ ಈ ವಾರದೊಳಗೆ ಆದರೆ ಅನುಕೂಲ. ಸಿಬ್ಬಂದಿ ಸ್ಥಳ ನೋಡಲು ಬರುವುದಾದರೆ ಮೇಲಿನ ನಂಬರಿಗೆ ಫೋನ್ ಮಾಡಿದರೆ ದಾರಿ ತೋರಿಸುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಸ್ಥಳ, ದಿನಾಂಕ
ಲಗತ್ತು: 1. ಆರ್.ಆರ್. ನಂಬರ್ ಪಟ್ಟಿ, 2. ಟಿಸಿಯ ಫೋಟೊ

ಇಲ್ಲಿ ನಾಲ್ಕು ವಿಷಯ ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತೇನೆ. ‘ಗೆ’ ಜಾಗದಲ್ಲಿ ಹುದ್ದೆ ಬರೆದಿದೆ, ವ್ಯಕ್ತಿಯ ಹೆಸರಲ್ಲ. ಸಾಹೇಬರಿಗೆ ವರ್ಗವಾದರೂ ಪತ್ರ ಆ ಮೇಜಿಗೇ ಹೋಗುತ್ತದೆ. ವಿಷಯ ಓದಿದರೇ ಕೆಲಸ ಏನು ಅಂತ ತಿಳಿಯುತ್ತದೆ. ಟಪಾಲು ವಿಭಾಗದವರು ಆ ಒಂದು ಸಾಲು ನೋಡಿಯೇ ಯಾವ ಮೇಜಿಗೆ ಅಂತ ತೀರ್ಮಾನ ಮಾಡುತ್ತಾರೆ. ಆರ್.ಆರ್. ನಂಬರ್ ಇದೆ, ಏಕೆಂದರೆ ಅವರ ಪುಸ್ತಕದಲ್ಲಿ ರೈತ ಇರುವುದು ಆ ನಂಬರಿನ ಹೆಸರಲ್ಲಿ. ಲಗತ್ತಿಗೆ ಕ್ರಮಸಂಖ್ಯೆ ಇದೆ. ಒಂದು ಹಾಳೆ ಕಳೆದರೆ ಗೊತ್ತಾಗಲಿ ಅಂತ. ಈ ಮೊದಲು ಪತ್ರ ಬರೆದಿದ್ದರೆ ವಿಷಯದ ಕೆಳಗೆ ‘ಉಲ್ಲೇಖ’ ಅಂತ ಹಾಕಿ ಅದರ ದಿನಾಂಕ ಕೊಡಬೇಕು. ಇಲ್ಲದಿದ್ದರೆ ಉಲ್ಲೇಖವೇ ಬೇಡ. ಕೆಲವರು ಚಂದ ಕಾಣಲಿ ಅಂತ ಸುಮ್ನೆ ಬರೆಯುತ್ತಾರೆ.

ಹಂತ 4: ಮರ್ಯಾದೆಯ ಅಳತೆ

ನಮ್ಮ ಕಡೆ ಮಾತಿನಲ್ಲಿ ಮರ್ಯಾದೆ ‘ರಿ’ಯಲ್ಲಿದೆ. "ಸ್ವಲ್ಪ ಮಾಡಿಕೊಡ್ರಿ" ಅಂದರೆ ಮುಗಿಯಿತು, ಎದುರಿನವರಿಗೂ ಹಿತ. ಬರವಣಿಗೆಯಲ್ಲಿ ಆ ‘ರಿ’ ಹೋಗಿ ‘ಮಾಡಿಕೊಡಿ’ ಆಗುತ್ತದೆ. ಮಕ್ಕಳಿಗೆ ಅದು ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದೆ. ಅದಕ್ಕೇ ಹೆದರಿ ‘ವಿನಮ್ರವಾಗಿ ಪ್ರಾರ್ಥಿಸಿ ಕೇಳಿಕೊಳ್ಳುತ್ತೇನೆ’ ಅಂತ ಮೇಲೆ ಮೇಲೆ ಪೇರಿಸುತ್ತಾರೆ. ಬೈಯಬೇಡಿ. ಅವರ ಭಯಕ್ಕೆ ಕಾರಣವಿದೆ. ‘ಮಾಡಿಕೊಡಬೇಕೆಂದು ಕೋರುತ್ತೇನೆ’ ಅನ್ನುವ ಒಂದು ರೂಪ ಕೈಗೆ ಕೊಡಿ. ಇಡೀ ಪತ್ರಕ್ಕೆ ಒಂದು ಸಲ ಸಾಕು. ‘ತಾವು’ ಅಂತ ಶುರು ಮಾಡಿದರೆ ಕೊನೆವರೆಗೂ ತಾವು ಇರಲಿ, ನಡುವೆ ‘ನೀವು’ ಆಗಬಾರದು.

ಇಂಗ್ಲಿಷಿನಲ್ಲಿ ಬರೆಯುವಾಗ ಇದೇ ಕಾಯಿಲೆಗೆ ಬೇರೆ ಹೆಸರು. ‘ಕೈಂಡ್ಲಿ ಡು ದ ನೀಡ್‌ಫುಲ್’ ಅಂದರೆ ಓದುವವರಿಗೆ ಯಾವ ನೀಡ್‌ಫುಲ್ ಅಂತ ಗೊತ್ತಾಗುವುದಿಲ್ಲ. ಯಾವ ಕೆಲಸವೋ ಅದನ್ನೇ ಬರೆಸಿ. ‘ರಿವರ್ಟ್ ಬ್ಯಾಕ್’ ಅನ್ನುವ ಜಾಗದಲ್ಲಿ ‘ರಿಪ್ಲೈ’ ಸಾಕು. ಪ್ರತಿ ವಾಕ್ಯಕ್ಕೂ ಒಂದು ‘ಸರ್’ ಬೇಡ. ಆ ಕಡೆ ಇರುವವರು ಮೇಡಂ ಆಗಿದ್ದರೆ? ಹೆಸರು ಗೊತ್ತಿದ್ದರೆ ಹೆಸರಿನ ಜೊತೆ, ಇಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’ ಅಂತ ಒಂದೇ ಸಲ.

ಹಂತ 5: ಇಮೇಲ್

ಇದಕ್ಕೆ ಎರಡು ವಾರ ಇಟ್ಟುಕೊಳ್ಳಿ. ಮಕ್ಕಳು ವಾಟ್ಸಾಪ್‌ನಲ್ಲಿ ಬೆಳೆದವರು. ಅಲ್ಲಿ "ಹಲೋ ಸರ್" ಅಂತ ಹಾಕಿ ಕಾಯುತ್ತಾರೆ, ನಾವು "ಹೇಳಪ್ಪಾ" ಅಂದ ಮೇಲೆ ವಿಷಯ. ಇಮೇಲ್‌ನಲ್ಲಿ "ಹೇಳಪ್ಪಾ" ಅನ್ನುವವರು ಯಾರೂ ಇಲ್ಲ. ಹೋದ ಒಂದೇ ಸಲಕ್ಕೆ ಎಲ್ಲಾ ಹೇಳಿ ಬರಬೇಕು.

ಮೊದಲು ವಿಳಾಸ. ಹೈಸ್ಕೂಲಿನಲ್ಲಿ ಮಾಡಿಕೊಂಡ ‘ಕ್ಯೂಟ್ ಬಾಯ್’ ಐಡಿ ಬೇಡ. ಹೆಸರು, ಇನಿಷಿಯಲ್ ಸೇರಿಸಿ ಹೊಸದು ಮಾಡಿಸಿ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಲು ಹೇಳಿ. ತಮಾಷೆಯಲ್ಲ, ಸೈಬರ್ ಸೆಂಟರ್‌ನವರೇ ಮಾಡಿಕೊಟ್ಟ ಐಡಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ನಾಲ್ಕೈದು ಜನ ಇರುತ್ತಾರೆ.

ಆಮೇಲೆ ಸಿಸಿ, ಬಿಸಿಸಿ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದ ನಮ್ಮ ತಲೆಮಾರಿನವರಿಗೆ ಆ ನೀಲಿ ಹಾಳೆ ಕೈಗೆ ಮೆತ್ತಿದ್ದು ನೆನಪಿರುತ್ತದೆ. ಸರ್ಕಾರಿ ಪತ್ರದ ಕೆಳಗೆ ‘ಪ್ರತಿ:’ ಅಂತ ಇರುತ್ತದಲ್ಲ, ಅದೇ ಇದು. ಕೆಲಸ ಮಾಡಬೇಕಾದವರು ‘ಟು’ನಲ್ಲಿ, ಸುಮ್ಮನೆ ತಿಳಿದಿರಬೇಕಾದವರು ಸಿಸಿಯಲ್ಲಿ. ಬಿಸಿಸಿಯಲ್ಲಿ ಇರುವವರು ಉಳಿದವರಿಗೆ ಕಾಣುವುದಿಲ್ಲ. ಇಪ್ಪತ್ತು ಕಂಪನಿಯನ್ನು ಒಂದೇ ‘ಟು’ನಲ್ಲಿ ಹಾಕಿ ಅರ್ಜಿ ಕಳಿಸಿದ ಹುಡುಗರನ್ನು ನೋಡಿದ್ದೇನೆ. ಹಾಗಂತ ಬಿಸಿಸಿಯಲ್ಲಿ ಬಚ್ಚಿಟ್ಟು ಕಳಿಸುವುದೂ ಉಪಾಯವಲ್ಲ. ಒಂದೊಂದು ಕಂಪನಿಗೂ ಬೇರೆ ಬೇರೆ ಬರೆಯಬೇಕು.

ಈಗ ಜಗಳೂರಿನ ಹುಡುಗನ ಹತ್ತಿರ ಬರೋಣ. ರೆಸ್ಯೂಮ್ ತೆಗೆಸಿ ನೋಡಿದೆ. ‘ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್’ ಅಂತ ಎಲ್ಲರ ಹಾಗೆ ಇತ್ತು. ಸಂಜೆ ಏನು ಮಾಡ್ತೀಯಾ ಅಂತ ಕೇಳಿದೆ. ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಎರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದಾನೆ! ಮೆಕ್ಕೆಜೋಳದ ಸುಗ್ಗಿಯಲ್ಲಿ ರಾತ್ರಿ ಹತ್ತಾದರೂ ಕ್ಯಾಶ್ ತಾಳೆಯಾಗದೆ ಏಳುವಂತಿಲ್ಲ. "ಇದನ್ನ ಯಾಕೋ ಬರೆದಿಲ್ಲ?" ಅಂದೆ. "ಅದು ಅಂಗಡಿ ಕೆಲಸ ಅಲ್ವಾ ಸರ್" ಅಂದ.

ಕೂತು ಮತ್ತೆ ಬರೆಸಿದೆ. ಕಳಿಸಿದ್ದು ಇಂಗ್ಲಿಷಿನಲ್ಲಿ, ಸಾರ ಇದು:

ಸಬ್ಜೆಕ್ಟ್: ಜೂನ್, ಜುಲೈ ಇಂಟರ್ನ್‌ಶಿಪ್‌ಗೆ ಅರ್ಜಿ, ಬಿ.ಕಾಂ. ಕೊನೆ ವರ್ಷ, ದಾವಣಗೆರೆ

ಮಾನ್ಯರೇ,

ಜೂನ್ 2ರಿಂದ ಜುಲೈ 31ರವರೆಗೆ ನಿಮ್ಮ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಲು ಅವಕಾಶ ಇದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಬಿ.ಕಾಂ. ಕೊನೆ ವರ್ಷ ಓದುತ್ತಿದ್ದೇನೆ.

ಎರಡು ವರ್ಷದಿಂದ ಸಂಜೆ ಹೊತ್ತು ಇಲ್ಲಿನ ಎಪಿಎಂಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತೂಕದ ಚೀಟಿ ನೋಡಿ ರೈತರ ಬಿಲ್ಲು ಮಾಡುವುದು, ಟ್ಯಾಲಿಯಲ್ಲಿ ಎಂಟ್ರಿ ಹಾಕುವುದು, ದಿನದ ಕೊನೆಗೆ ಕ್ಯಾಶ್ ತಾಳೆ ನೋಡುವುದು ನನ್ನ ಕೆಲಸ.

ಒಂದು ಪುಟದ ರೆಸ್ಯೂಮ್ ಜೊತೆಗಿದೆ. ಮಧ್ಯಾಹ್ನ 2ರ ನಂತರ ಫೋನಿನಲ್ಲಿ ಸಿಗುತ್ತೇನೆ.

(ಹೆಸರು, ಫೋನ್ ನಂಬರ್)

ಮೊದಲ ವಾಕ್ಯದಲ್ಲೇ ಏನು ಬೇಕು ಅಂತ ಇದೆ. ಎರಡನೇ ಪ್ಯಾರಾ ಇನ್ಯಾರೂ ಬರೆಯಲಾಗದ್ದು. ಮೂರನೆಯದರಲ್ಲಿ ಮುಂದೇನು ಮಾಡಬೇಕು ಅಂತ ಇದೆ. ಮೊಬೈಲಿನಲ್ಲಿ ಓದಿದರೂ ಎರಡು ಸಲ ಬೆರಳು ಸರಿಸಿದರೆ ಮುಗಿಯುತ್ತದೆ.

ಅಟ್ಯಾಚ್‌ಮೆಂಟ್ ಬಗ್ಗೆ ಸಣ್ಣ ವಿಷಯಗಳು, ಆದರೆ ಕೈ ಕೊಡುವುದು ಇವೇ. ಪಿಡಿಎಫ್ ಮಾಡಿಸಿ. ಫೈಲಿಗೆ ಮಗುವಿನ ಹೆಸರಿರಲಿ. ಆ ಕಡೆಯವರ ಕಂಪ್ಯೂಟರಿನಲ್ಲಿ ಇನ್ನೂರು ‘ರೆಸ್ಯೂಮ್’ ಬಿದ್ದಿರುತ್ತವೆ. ಮಾರ್ಕ್ಸ್ ಕಾರ್ಡನ್ನು ಹಾಸಿಗೆ ಮೇಲಿಟ್ಟು ಫೋಟೊ ತೆಗೆದರೆ ಹೊದಿಕೆಯ ಹೂವೂ ಕಂಪನಿಗೆ ಹೋಗುತ್ತದೆ. ಸ್ಕ್ಯಾನ್ ಆ್ಯಪ್ ಬಳಸಲಿ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಫೈಲ್ ನೇರವಾಗಿ ಲಗತ್ತಾಗುವುದಿಲ್ಲ.

ಬರೆಯುವ ಕ್ರಮವನ್ನೇ ತಿರುಗಿಸಿಬಿಡಿ. ಮೊದಲು ಫೈಲ್ ಲಗತ್ತಿಸಲಿ, ಆಮೇಲೆ ಪತ್ರ, ಆಮೇಲೆ ಸಬ್ಜೆಕ್ಟ್, ಕಟ್ಟಕಡೆಗೆ ‘ಟು’ ವಿಳಾಸ. ವಿಳಾಸ ಇಲ್ಲದಿದ್ದರೆ ಕೈ ತಪ್ಪಿ ಒತ್ತಿದರೂ ಮೇಲ್ ಹೋಗುವುದಿಲ್ಲ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ಎಳೆದುಕೊಳ್ಳುವ ಅವಕಾಶ ಸಾಮಾನ್ಯವಾಗಿ 5 ಸೆಕೆಂಡ್ ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು 30 ಸೆಕೆಂಡ್ ಮಾಡಿಸಿ. ‘ಅಯ್ಯೋ’ ಅನ್ನೋದು ಬಹಳ ಸಲ ಆ ಮೂವತ್ತು ಸೆಕೆಂಡಿನಲ್ಲೇ ಬರುತ್ತದೆ.

ಕನ್ನಡ ಅಕ್ಷರದ ವಿಷಯ

ಇದರಲ್ಲಿ ನಾನೇ ಎಡವಿದ್ದೇನೆ. ಒಂದು ಕಚೇರಿಗೆ ಎರಡು ಪುಟದ ಮನವಿಯನ್ನು ‘ನುಡಿ’ ತಂತ್ರಾಂಶದಲ್ಲಿ ಹಳೇ ಫಾಂಟ್ ಬಳಸಿ ಟೈಪ್ ಮಾಡಿ ಇಮೇಲ್ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಮುತ್ತಿನಂಥ ಕನ್ನಡ. ಎರಡು ವಾರ ಆದ ಮೇಲೆ ಹೋಗಿ ವಿಚಾರಿಸಿದರೆ ಅವರ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಚಿತ್ರಾನ್ನ. ಆ ಫಾಂಟ್ ಅವರ ಹತ್ತಿರ ಇರಲಿಲ್ಲ, ಅಷ್ಟೇ. ಅವರ ತಪ್ಪೇನೂ ಇಲ್ಲ. ಅವತ್ತಿನಿಂದ ಇಮೇಲ್‌ನಲ್ಲಿ ಯೂನಿಕೋಡ್, ಅಂದರೆ ಯಾರ ಪರದೆಯ ಮೇಲೂ ಕನ್ನಡವಾಗಿಯೇ ಕಾಣುವ ಅಕ್ಷರ, ಬಿಟ್ಟು ಬೇರೆ ಬಳಸಿಲ್ಲ. ಮೊಬೈಲ್ ಕೀಬೋರ್ಡಿನಲ್ಲಿ ಹೊಡೆಯುವ ಕನ್ನಡ ಯೂನಿಕೋಡೇ, ಅದಕ್ಕೆ ಚಿಂತೆ ಇಲ್ಲ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದಾದರೆ ಪಿಡಿಎಫ್ ಮಾಡಿಸಿಕೊಂಡು ಬರಲಿ.

ಹಂತ 6: ಎಐ ಬರೆದುಕೊಟ್ಟರೆ?

ಮಕ್ಕಳು ಬಳಸುತ್ತಾರೆ. ಬೇಡ ಅಂದರೆ ಕದ್ದು ಬಳಸುತ್ತಾರೆ. ಒಂದು ವಾರ ಮೂವತ್ತಕ್ಕೂ ಹೆಚ್ಚು ಮೇಲ್ ಬಂದವು, ಮುಕ್ಕಾಲು ಪಾಲು ‘ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್’ ಅಂತಲೇ ಶುರು. ಎಲ್ಲಾ ಓದಿದ ಮೇಲೂ ಯಾವುದು ಯಾರದ್ದು ಅಂತ ತಿಳಿಯಲಿಲ್ಲ. ಈಗ ನನ್ನ ನಿಯಮ ಹೀಗೆ: ಮೊದಲ ಕರಡು ಕೈಬರಹದಲ್ಲಿ, ಕ್ಲಾಸಿನಲ್ಲಿ. ಆಮೇಲೆ ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಲು ಬಳಸಲಿ. ಎಪಿಎಂಸಿ ಅಂಗಡಿಯ ವಿಷಯ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಹಂತ 7: ತಿದ್ದುವುದು

ಕೆಂಪು ಶಾಯಿ ಕಡಿಮೆ ಮಾಡಿ. ನಾನು ಪ್ರತಿ ಪತ್ರದಲ್ಲಿ ಎರಡೇ ಜಾಗ ಗುರುತು ಹಾಕುತ್ತೇನೆ. ಓದುವವರು ‘ಏನು?’ ಅಂತ ನಿಲ್ಲುವ ಜಾಗ ಒಂದು, ದಾಟಿಕೊಂಡು ಹೋಗುವ ಜಾಗ ಇನ್ನೊಂದು. ಕಾಗುಣಿತ ಕೊನೆಗೆ. ಮತ್ತೆ ಬರೆಸಲೇಬೇಕು, ಅಂಕ ಎರಡನೇ ಸಲದ್ದಕ್ಕೆ.

ಚಿಕ್ಕದಾಗಿ ಬರೆಯೋದು ಬರಬೇಕೆಂದರೆ ಮಾಹಿತಿ ಹಕ್ಕು ಅರ್ಜಿ ಬರೆಸಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಅನ್ನೋದು ಹಲವರಿಗೆ ಗೊತ್ತು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಆ ನಿಯಮದ ಬಗ್ಗೆ ಬೇರೆ ತಕರಾರುಗಳಿವೆ, ಬಿಡಿ. ಕ್ಲಾಸಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಪದ ಎಣಿಸುತ್ತಾ ಕೂತರೆ ‘ವಿನಮ್ರವಾಗಿ’ ಮೊದಲು ಹೋಗುತ್ತದೆ, ‘ಕೃಷಿ ಪ್ರಧಾನವಾದ’ ಆಮೇಲೆ.

ಹಂತ 8: ಕಳಿಸುವುದು, ಬೆನ್ನು ಹತ್ತುವುದು

ಪತ್ರ ಕೊಟ್ಟು ಬಂದರೆ ಮುಗಿಯಲಿಲ್ಲ. ಕೈಯಾರೆ ಕೊಡುವುದಾದರೆ ಎರಡು ಪ್ರತಿ ಒಯ್ಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬರಬೇಕು. ಇನ್‌ವರ್ಡ್ ನಂಬರ್ ಕೇಳಿ ಬರೆದುಕೊಳ್ಳಬೇಕು. ಕೇಳಲು ಮಕ್ಕಳಿಗೆ ನಾಚಿಕೆ. ಇದನ್ನೂ ಕ್ಲಾಸಿನಲ್ಲೇ ಆಡಿಸಿ ರೂಢಿ ಮಾಡಿಸಿ. ಅಂಚೆಯಲ್ಲಾದರೆ ರಸೀದಿ ಇಟ್ಟುಕೊಳ್ಳಲಿ. ಹಳೇ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಸಿದ್ದಾರೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಬೇಕು.

ಇಮೇಲ್‌ಗೆ ಒಂದು ವಾರ ಉತ್ತರ ಬರದಿದ್ದರೆ ಹೊಸ ಮೇಲ್ ಬೇಡ. ಕಳಿಸಿದ ಮೇಲ್‌ಗೇ ರಿಪ್ಲೈ ಒತ್ತಿ ಎರಡು ಸಾಲು ಬರೆಯಲಿ. ಹಳೆಯದು ಕೆಳಗೇ ಇರುತ್ತದೆ, ಅವರು ಹುಡುಕಬೇಕಾಗಿಲ್ಲ. ‘ಇನ್ನೂ ಉತ್ತರ ಕೊಟ್ಟಿಲ್ಲ’ ಅನ್ನುವ ಬದಲು ‘ಮೇ 5ರಂದು ಬರೆದಿದ್ದೆ, ಅವಕಾಶ ಇದೆಯೇ ತಿಳಿಸುತ್ತೀರಾ’ ಅಂತಿರಲಿ. ಜಗಳೂರಿನ ಹುಡುಗನಿಗೆ ಎರಡನೇ ಮೇಲ್‌ಗೆ ಉತ್ತರ ಬಂತು. ಈ ವರ್ಷ ಜಾಗ ತುಂಬಿದೆ, ಡಿಸೆಂಬರ್‌ನಲ್ಲಿ ಮತ್ತೆ ಬರೆಯಿರಿ ಅಂತ. ಅವನು ಬೇಜಾರಾಗಲಿಲ್ಲ. ಫೋನಿನಲ್ಲಿ ರಿಮೈಂಡರ್ ಹಾಕಿಕೊಂಡು, ಧನ್ಯವಾದ ಅಂತ ಒಂದು ಸಾಲು ಕಳಿಸಿದ.

ಹಂತ 9: ಒಂದು ಪತ್ರವಾದರೂ ನಿಜವಾಗಿ ಹೋಗಲಿ

ಕೊನೆ ವಾರ ನಾನು ಸುಳ್ಳು ಪತ್ರ ಬರೆಸುವುದಿಲ್ಲ. ಕಳೆದ ವರ್ಷ ವಿಭಾಗದ ಬೀಳ್ಕೊಡುಗೆಗೆ ಮಂಡಕ್ಕಿ, ಮಿರ್ಚಿ ತರಿಸಬೇಕಿತ್ತು. ಫೋನಿನಲ್ಲಿ ಹೇಳಿದರೆ ಆಗುತ್ತಿತ್ತು. ಬೇಡ, ಆರ್ಡರ್ ಪತ್ರ ಬರೆಯಿರಿ, ಎಲ್ಲಕ್ಕಿಂತ ಒಳ್ಳೆಯದು ಅಂಗಡಿಗೆ ಹೋಗುತ್ತದೆ ಅಂದೆ.

ಮೊದಲ ಸುತ್ತಿನಲ್ಲಿ ಒಬ್ಬ ದಾವಣಗೆರೆ ಮಿರ್ಚಿಯ ಹಿರಿಮೆ ಮೇಲೆ ಒಂದು ಪ್ಯಾರಾ ಬರೆದಿದ್ದ, ತಾರೀಖು ಬಿಟ್ಟಿದ್ದ. ಇನ್ನೊಬ್ಬಳು ‘ಸಾಕಷ್ಟು ಮಿರ್ಚಿ’ ಅಂತ ಬರೆದಿದ್ದಳು. ಹುಡುಗರಿಗೆ ಸಾಕಷ್ಟು ಅಂದರೆ ಎಷ್ಟು ಅಂತ ಆ ಅಂಗಡಿಯವರು ಹೇಗೆ ಹೇಳಿಯಾರು? ಮೂರನೇ ಸುತ್ತಿಗೆ ಪತ್ರ ಸರಿಹೋಯಿತು. 60 ಪ್ಲೇಟ್ ಮಂಡಕ್ಕಿ, 180 ಮಿರ್ಚಿ, ಶನಿವಾರ ಸಂಜೆ 4 ಗಂಟೆ, ಕಾಲೇಜಿನ ಹಿಂದಿನ ಗೇಟು, ಅಡ್ವಾನ್ಸ್ ಎಷ್ಟು, ಬಿಲ್ಲು ಯಾರ ಹೆಸರಿಗೆ, ಗೇಟಿನಲ್ಲಿ ಯಾರು ನಿಂತಿರುತ್ತಾರೆ, ಅವರ ಫೋನ್ ನಂಬರ್. ಕಾಲು ಪುಟ. ಕ್ಲಾಸಿನವರೆಲ್ಲ ಗುಮಾಸ್ತರಾಗಿ ಕೂತು ನೋಡಿದರು, ಕೇಳಲು ಏನೂ ಉಳಿದಿಲ್ಲ ಅಂದರು. ಇಬ್ಬರು ಹೋಗಿ ಅಂಗಡಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡು ಬಂದರು.

ಸಂಜೆ ನನಗೆ ಫೋನ್ ಬಂತು. ಅಂಗಡಿಯವರು.

"ಸಾರ್, ಹುಡುಗ್ರು ಚೆನ್ನಾಗಿ ಬರ್ದಾರ್ರಿ. ಎಲ್ಲಾ ಐತಿ. ಮೆಣಸಿನಕಾಯಿ ಖಾರದ್ದು ಹಾಕ್ಬೇಕಾ, ಸಪ್ಪಂದು ಹಾಕ್ಬೇಕಾ ಅಂತ ಬರ್ದಿಲ್ಲಲ್ರಿ?"